ಪಾಸಾದ ನೀರು

ಮಾರ್ಚ್ 4, ಬೆಳಿಗ್ಗೆ

ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕಿದ್ದಾಯಿತು. ಅರ್ಧ ಗಂಟೆ ಬಿಟ್ಟು ನಲ್ಲಿ ನೀರಿಗೆ, ಪೌಡರ್ ಸಾಕಷ್ಟಿದೆಯೇ ಎಂದು ನೋಡುವ ಔಷಧಿ ಎರಡು ಹನಿ. ತಿಳಿ ಹಳದಿ ಬಂತು — ಸರಿಯಿದೆ. ಹನ್ನೊಂದು ವರ್ಷದಿಂದ ಊರಿಗೆ ನೀರು ಬಿಡುವವಳು ನಾನೇ. ಒಂದು ದಿನ ತಪ್ಪಿಸಿಲ್ಲ. ದೇವರ ಕೆಲಸ ಅಂದುಕೊಂಡೇ ಮಾಡಿದ್ದು.

ಮನೆ ಮುಂದೆ ಮಾತ್ರ ಬೀದಿಯ ಬಚ್ಚಲು ನೀರೆಲ್ಲ ಹಾಗೆಯೇ ಹರಿಯುತ್ತಿದೆ. ಅಮ್ಮ ನಿನ್ನೆ ಮತ್ತೆ ಜಾರಿದಳು. ಮೊಣಕೈ ತರಚಿದೆ. ಮುಚ್ಚಿದ ಚರಂಡಿಗೆ, ಹೊಸ ಪೈಪಿಗೆ ಅನುದಾನ ಕೇಳಿ ಊರಿನವರು ಅರ್ಜಿ ಹಾಕಿ ಎರಡು ವರ್ಷವಾಯಿತು.

ಮಾರ್ಚ್ 6

ಅನುದಾನದ ಪಟ್ಟಿ ಬಂತು. ನಮ್ಮೂರಿಲ್ಲ. ತಂಗಿಯ ಊರಿದೆ.

ಹಳ್ಳ ದಾಟಿ ಅರ್ಧ ಗಂಟೆ ನಡೆದರೆ ಅವಳ ಊರು. ಅಲ್ಲಿ ನೀರು ಬಿಡುವವಳು ಅವಳೇ. ಆ ಕೆಲಸಕ್ಕೆ ಅರ್ಜಿ ಬರೆದುಕೊಟ್ಟವಳು ನಾನು, ಕೆಲಸ ಕಲಿಸಿದವಳೂ ನಾನು. ಈಗ ಅವಳಿಗೆ ಹೊಸ ಟ್ಯಾಂಕ್, ಹೊಸ ಪೈಪ್, ಒಳಚರಂಡಿ, ಕೊಳಚೆ ನೀರು ಶುದ್ಧ ಮಾಡುವ ಹೊಂಡ... ನನಗೆ ಜಾರುವ ಬೀದಿ.

ಇಂಜಿನಿಯರ್ ಬಂದಿದ್ದರು. ಕೇಳಿಯೇಬಿಟ್ಟೆ.

"ಸಾರ್, ನಮ್ಮ ಅರ್ಜಿ ಏನಾಯ್ತು?"

"ನಿಮ್ಮ ನೀರು ಪ್ರತಿ ತಿಂಗಳೂ ಲ್ಯಾಬಲ್ಲಿ ಪಾಸು ಕಣಮ್ಮಾ. ಸರ್ಕಾರ ಕೊಟ್ಟಿರೋ ದುಡ್ಡೇ ಕಮ್ಮಿ. ನೀರು ಕೆಟ್ಟಿರೋ ಊರಿಗೆ ಮೊದಲು."

"ಅಂದ್ರೆ ನಾನು ನೆಟ್ಟಗೆ ಕೆಲಸ ಮಾಡಿದ್ದೇ ತಪ್ಪಾಯ್ತಾ?"

ಅವರು ನಕ್ಕರು. ನನಗೆ ನಗು ಬರಲಿಲ್ಲ. ಮನೆಯವರು ಬೇರೆ — "ನೀನು ಸ್ವಲ್ಪ ಮೈಗಳ್ಳಿ ಆಗಿದ್ರೆ ಇಷ್ಟೊತ್ತಿಗೆ ಚರಂಡಿ ಆಗಿರ್ತಿತ್ತು ಕಣೇ."

ಮಾರ್ಚ್ 9

ತಂಗಿ ಬಂದಿದ್ದಳು. ಫೋನಿನಲ್ಲಿ ಫೋಟೊ. ದೊಡ್ಡ ಅಧಿಕಾರಿಯ ಪಕ್ಕ ಇವಳು, ಕೈಯಲ್ಲಿ ಹೂಗುಚ್ಛ. ಅಮ್ಮ ಫೋನನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದ್ದೇ ನೋಡಿದ್ದು.

"ಎಷ್ಟು ಲಕ್ಷಣವಾಗಿ ನಿಂತಿದಾಳೆ ನೋಡೇ! ಚಿಕ್ಕವಳ ಕೈಗುಣಾನೇ ಹಾಗೆ."

ಮೂರು ಹೊತ್ತು ಬಡಿಸುವ ಕೈಗೆ ಯಾವ ಗುಣವೂ ಇಲ್ಲ.

"ನಿಮ್ಮೂರಿಗೂ ಬರುತ್ತೆ ಬಿಡಕ್ಕಾ," ಅಂದಳು ತಂಗಿ. ಇವಳ ಸಮಾಧಾನ ಯಾರಿಗೆ ಬೇಕಿತ್ತು?

ಪ್ರಾರ್ಥನೆಗೆ ಕೂತರೆ ದೇವರ ಬದಲು ಆ ಹೂಗುಚ್ಛವೇ ಕಣ್ಣ ಮುಂದೆ.

ಮಾರ್ಚ್ 17

ತಿಂಗಳ ಸ್ಯಾಂಪಲ್ ಕಳಿಸುವ ದಿನ. ಎರಡನೆಯ ಪಟ್ಟಿಯೂ ಒಂದು ಬರುತ್ತದಂತೆ.

ಬರೆಯಲೋ ಬೇಡವೋ... ಬರೆಯುತ್ತೇನೆ. ಬಾಟಲಿಯನ್ನು ನಲ್ಲಿಯಲ್ಲಿ ತುಂಬಲಿಲ್ಲ. ಹಳ್ಳದಲ್ಲಿ ತುಂಬಿದೆ. ನೋಡಲು ತಿಳಿಯಾಗಿಯೇ ಇತ್ತು. ಚೀಟಿಯ ಮೇಲೆ 'ನಲ್ಲಿ ನೀರು' ಎಂದು ಬರೆದು ಲ್ಯಾಬಿನ ಗಾಡಿಗೆ ಕೊಟ್ಟೆ.

ಊರಿಗಾಗಿ, ಅಮ್ಮನ ಮೊಣಕೈಗಾಗಿ ಎಂದು ಬರೆದುಕೊಳ್ಳಬಹುದಿತ್ತು. ಸುಳ್ಳು. ಬಾಟಲಿ ಮುಳುಗಿಸುವಾಗ ನೆನಪಾದದ್ದು ಆ ಫೋಟೊ ಒಂದೇ.

ಮಾರ್ಚ್ 18

ಪೌಡರ್ ಹಾಕಿದೆ. ಪ್ರಾರ್ಥನೆಗೆ ಕೂರಲಿಲ್ಲ.

ಮಾರ್ಚ್ 27

ನಮ್ಮ ನೀರು ಫೇಲ್. ಎರಡನೆಯ ಪಟ್ಟಿಗೆ ಊರಿನ ಹೆಸರು ಸೇರಿತು. ಒಳಗೊಳಗೇ ಹಿಗ್ಗಿದೆ — ಮಧ್ಯಾಹ್ನದವರೆಗೆ.

ಮಧ್ಯಾಹ್ನ ಇಬ್ಬರು ಏಣಿ ಹಾಕಿ ಟ್ಯಾಂಕಿನ ಮೇಲೆ ಕೆಂಪು ಬಣ್ಣದಲ್ಲಿ ಬರೆದರು: ಕುಡಿಯಲು ಯೋಗ್ಯವಲ್ಲ. ಇದನ್ನು ನಾನು ಯೋಚಿಸಿಯೇ ಇರಲಿಲ್ಲ.

ಹಾಲು ಮಾರುವವಳು ಬೀದಿಯಲ್ಲೇ ನಿಲ್ಲಿಸಿದಳು. "ಏನಕ್ಕಾ, ಇಷ್ಟು ವರ್ಷ ಏನು ಕುಡಿಸ್ತಿದ್ದೆ ನಮಗೆ?"

ಮಾರ್ಚ್ 29

ಹೆಂಗಸರೆಲ್ಲ ಬಿಂದಿಗೆ ಹಿಡಿದು ಹಳ್ಳ ದಾಟುತ್ತಿದ್ದಾರೆ. ತಂಗಿಯ ಊರಿಗೆ! ಅಲ್ಲಿ ಹೊಸ ಟ್ಯಾಂಕ್ ಕಟ್ಟುವವರೆಗೆ ಸರ್ಕಾರದ ಟ್ಯಾಂಕರ್ ನೀರು ಬರುತ್ತದೆ. ಇವಳೇ ನಿಂತು ನಮ್ಮೂರವರಿಗೆ ಮೊದಲು ತುಂಬಿಸಿ ಕಳಿಸುತ್ತಾಳಂತೆ.

ಅಮ್ಮನೂ ಶುರು ಮಾಡಿದಳು. "ನಂಗೂ ಚಿಕ್ಕವಳ ಕಡೆ ನೀರೇ ತರಿಸೇ."

ಅವಳೆದುರೇ ನಮ್ಮ ನಲ್ಲಿ ನೀರು ಎರಡು ಲೋಟ ಕುಡಿದೆ. ಅಮ್ಮ ಗೋಡೆ ಕಡೆ ತಿರುಗಿದಳು.

ಏಪ್ರಿಲ್ 2

ತಂಗಿ ನೇರ ಟ್ಯಾಂಕಿನ ಹತ್ತಿರವೇ ಬಂದಳು. ಊರೆಲ್ಲ ಸೇರಿತ್ತು.

"ನನ್ನಕ್ಕ ಬಿಡೋ ನೀರು ಕೆಡೋದುಂಟಾ? ಬಾಟಲಿಯೇ ಸರಿ ಇರಲಿಲ್ವೇನೋ. ತನ್ನಿ ಒಂದು ಲೋಟ!"

ಗಟಗಟ ಕುಡಿದಳು. ಹಾಲು ಮಾರುವವಳು ಆಗಲೇ ನಲ್ಲಿಯಡಿ ಬಿಂದಿಗೆ ಇಟ್ಟಳು.

ಮನೆಗೆ ಕರೆದೊಯ್ದು ಬೈದೆ. "ನಿಂಗ್ಯಾಕೆ ಬೇಕಿತ್ತೇ ಈ ಉಸಾಬರಿ?"

"ಯಾಕಂದ್ರೆ? ನೀನು ಹೇಳಿಕೊಟ್ಟ ಹಾಗೇ ನಾನೂ ದಿನಾ ಪೌಡರ್ ಹಾಕ್ತಿದ್ದೆ. ಪೈಪೆಲ್ಲ ತೂತು, ಚರಂಡಿ ನೀರು ಒಳಗೆ ನುಗ್ತಿತ್ತು. ನಾಲ್ಕು ಮಕ್ಕಳು ಕಾಮಾಲೆ ಬಂದು ಮಲಗಿದ್ವು. ಅಕ್ಕನ ಹಾಗೆ ನಂದೂ ಒಂದ್ಸಲ ಪಾಸಾಗಲಪ್ಪಾ ಅಂತ ಎಷ್ಟು ಅತ್ತಿದೀನಿ ಗೊತ್ತಾ? ನಿನ್ನ ಮೇಲೆ ಹೊಟ್ಟೆಕಿಚ್ಚು ಬರ್ತಿತ್ತು ಕಣಕ್ಕಾ."

ನನ್ನ ಮೇಲೆ! ಎಷ್ಟು ಸಲೀಸಾಗಿ ಹೇಳಿಬಿಟ್ಟಳು. ನಾನು ಹೇಳಲಾರದ್ದನ್ನು. ಅದಕ್ಕೂ ಹೊಟ್ಟೆ ಉರಿಯಿತು.

ಏಪ್ರಿಲ್ 5, ಸಂಜೆ

ಇಂಜಿನಿಯರ್ ಫೋನು. ನಾಳೆ ಎಂಟಕ್ಕೆ ಖುದ್ದಾಗಿ ಬಂದು ಸ್ಯಾಂಪಲ್ ತೆಗೆಯುತ್ತಾರೆ. ಮತ್ತೆ ಫೇಲಾದರೆ ಅನುದಾನ ಖಾಯಂ. ಪಾಸಾದರೆ ಹಣವಿಲ್ಲ, ಮೊದಲ ಬಾಟಲಿಯ ವಿಚಾರಣೆ.

ನಾಳೆ ಪೌಡರ್ ಬಿಟ್ಟು, ಹಳ್ಳದ ಎರಡು ಬಿಂದಿಗೆ ಟ್ಯಾಂಕಿಗೆ ಸುರಿದರೆ ಸಾಕು. ಚರಂಡಿಯೂ ಬರುತ್ತದೆ, ಮಾನವೂ ಉಳಿಯುತ್ತದೆ.

ಆದರೆ ತಂಗಿ ಕುಡಿದ ದಿನದಿಂದ ಅರ್ಧ ಊರು ಮತ್ತೆ ಈ ನೀರನ್ನೇ ಕುಡಿಯುತ್ತಿದೆ. ನಾಲ್ಕು ಮಕ್ಕಳು ಎಂದಳಲ್ಲ...

ದೇವರೇ, ಇಂಥ ಲೆಕ್ಕ ಹಾಕುವಷ್ಟು ದೂರ ಬಂದೆನೇ ನಾನು.

ಏಪ್ರಿಲ್ 6, ಏಳೂಮುಕ್ಕಾಲು

ಪೌಡರ್ ಹಾಕಿದೆ. ಟ್ಯಾಂಕಿನ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಮನೆಯವರಿಗೆ ಎಲ್ಲ ಹೇಳಿದೆ. "ಕೆಲಸ ಹೋಗುತ್ತೆ ಕಣೇ," ಅಂದರು. ಹೋಗಲಿ. ಬಾಟಲಿ ಎಲ್ಲಿ ತುಂಬಿದೆ ಎಂದು ಇಂಜಿನಿಯರಿಗೆ ಹೇಳುತ್ತೇನೆ. ಜನ ಆಗಲೇ ಸೇರುತ್ತಿದ್ದಾರೆ. ಅವರೆದುರು ಹೇಳಲೂ ಮನಸ್ಸು ಗಟ್ಟಿಮಾಡಿಕೊಂಡಿದ್ದೇನೆ.

ಜೀಪು ಬಂತು.

ಹಿಂದಿನ ಸೀಟಿನಿಂದ ತಂಗಿ ಇಳಿಯುತ್ತಿದ್ದಾಳೆ. ನನ್ನ ಪರವಾಗಿ ಮಾತಾಡಲು ಬಂದಿರಬೇಕು. ಕೈ ಬೀಸುತ್ತಿದ್ದಾಳೆ, ನಗುತ್ತಾ.

ಊರಿಗೆ ಊರೇ ಕೇಳಲಿ, ಹೇಳುತ್ತೇನೆ. ಇವಳೊಬ್ಬಳ ಎದುರು ಹೇಗೆ —