ಗ್ಯಾಸ್ ಗಾಡಿಯ ತಾಳ

ಬಾಲ್ತಾಸಾರ್,

ಮಸೂರ ಕಾಳು ಅರ್ಧ ಬೆಂದಿರುವಾಗಲೇ ಗ್ಯಾಸ್ ಮುಗಿಯಿತು. ಪಾತ್ರೆಯ ಮುಚ್ಚಳ ತೆಗೆದಿಡಬೇಡ, ಬೆಕ್ಕು ಮೂತಿ ಹಾಕುತ್ತದೆ.

ಬೆಳಿಗ್ಗೆ ರೇಡಿಯೊದಲ್ಲಿ ನಿನ್ನ ಕಾರ್ಯಕ್ರಮ ಕೇಳಿದೆ. 'ಈ ವಾರ ಕೇಳಲೇಬೇಕಾದ ಹೊಸ ಸ್ವತಂತ್ರ ಸಂಗೀತ' ಅಂತ ರಾಜಧಾನಿ ಸಾಂತಿಯಾಗೊದ ಆ ತಂಡವನ್ನು ಹೊಗಳಿದ್ದೇ ಹೊಗಳಿದ್ದು. ಹಾಡಿನ ನಡುವೆ ಕಬ್ಬಿಣ ಬಡಿದಿದ್ದಾರಂತೆ. 'ಎಂಥ ಧೈರ್ಯ!' ಅಂದೆಯಲ್ಲ, ನಾಚಿಕೆ ಆಗಲಿಲ್ಲವೇನೋ?

ಹೋದ ತಿಂಗಳು ನನ್ನ ಆಲ್ಬಮ್ ಬಂದಾಗ ಏನಂದಿದ್ದೆ? "ಅಕ್ಕಾ, ಮೂರನೇ ಹಾಡಲ್ಲಿ ಗ್ಯಾಸ್ ಗಾಡಿಯವನು ಸಿಲಿಂಡರ್ ಬಡ್ಕೊಂಡು ಬರೋದು ಕೇಳ್ಸುತ್ತೆ. ಇದನ್ನ ಹೆಂಗೆ ಶಿಫಾರಸು ಮಾಡ್ಲಿ? ಜನ ನಗ್ತಾರೆ."

ವಾಲ್ಪರೈಸೊದ ಈ ಗುಡ್ಡದಲ್ಲಿ ಗ್ಯಾಸ್ ಬಂತೆಂದು ಸಾರಲು ಸಿಲಿಂಡರಿಗೆ ಕಬ್ಬಿಣ ಬಡಿಯುವ ಆ ಸದ್ದು ಕಿಟಕಿ ಮುಚ್ಚಿದರೂ ಒಳಗೆ ಬರುತ್ತದೆ. ನಾನು ಅದನ್ನು ಬೇಕೆಂದೇ ಉಳಿಸಿಕೊಂಡೆ, ಅದರ ತಾಳಕ್ಕೇ ಹಾಡಿದೆ. ನಾವು ಬಡಿದರೆ ಗಲಾಟೆ, ರಾಜಧಾನಿಯವರು ಬಡಿದರೆ ಕಲೆ!

ಆ ಗಾಡಿಯ ಹಿರಿಯರು ದೋನ್ ರೊಸಾಮೆಲ್‌ಗೆ ನಾನೇ ಆ ಹಾಡು ಕೇಳಿಸಿದೆ. "ಅಯ್ಯೋ ಯಸ್ನಾ, ಇದು ನನ್ ಕೈ ಕಣಮ್ಮ!" ಅಂದವರು ಈಗ ಸಿಲಿಂಡರ್ ಇಳಿಸುವ ಮನೆಮನೆಯಲ್ಲೂ ಫೋನ್ ತೆಗೆದು ಅದನ್ನೇ ಹಾಕುತ್ತಿದ್ದಾರೆ. ಶಿಫಾರಸು ಅಂದರೆ ಅದು ಕಣೋ.

ನಾನು ಬಂದರಿನ ಹತ್ತಿರ ಹಾಡೋಕೆ ಹೋಗುತ್ತಿದ್ದೇನೆ. ಬಾ ಅಂತ ಕರೆಯುವುದಿಲ್ಲ. ಖಾಲಿ ಸಿಲಿಂಡರ್ ಬಾಗಿಲ ಬಳಿ ಇಟ್ಟಿದ್ದೇನೆ. ಕೆಳಗಿನ ಬೀದಿಯಲ್ಲಿ ಕಬ್ಬಿಣ ಬಡಿಯುವ ಸದ್ದು ಕೇಳಿದಾಗ 'ಎಂಥ ಧೈರ್ಯ' ಅಂತ ಕಣ್ಣು ಮುಚ್ಚಿಕೊಂಡು ಕೂತುಬಿಡಬೇಡ. ಸಿಲಿಂಡರ್ ಹೊತ್ತುಕೊಂಡು ಮೆಟ್ಟಿಲಿಳಿದು ಓಡು. ಇಲ್ಲದಿದ್ದರೆ ಹಸಿ ಕಾಳೇ ಗತಿ.

ಯಸ್ನಾ