ಕ್ಯಾಸೆಟ್ಟಿನ ಎರಡನೇ ಬದಿ

ಕೋಣೆ ಏಳು
ಹದಿನಾಲ್ಕನೇ ತಾರೀಕು, ಮಂಗಳವಾರ

ನನ್ನ ಬಂಗಾರದ ಪುಟ್ಟಿಗೆ,

ನಿಮ್ಮಮ್ಮ ಈ ವೃದ್ಧಾಶ್ರಮ ಬಿಟ್ಟು ಓಡಿಹೋದಳು.

ಎದೆ ಧಸಕ್ಕೆಂದಿತೇ? ಸುಳ್ಳು ಕಣೇ. ಓಡಿಹೋಗಿದ್ದರೆ ನಾನೇ ಕೋಣೆ ಕೋಣೆಗೂ ಸಿಹಿ ಹಂಚುತ್ತಿದ್ದೆ. ಕಿಟಕಿ ಪಕ್ಕದ ಗಾಲಿಕುರ್ಚಿಯಲ್ಲೇ ಇದ್ದಾಳೆ. ಮೂರು ವಾರದಿಂದ ಹಾಗೇ. ತುತ್ತು ಇಟ್ಟರೆ ನುಂಗುತ್ತಾಳೆ, ಇಡದಿದ್ದರೆ ಇಲ್ಲ.

ಕ್ಯಾಸೆಟ್ ಏನಾಯಿತು ಅಂತ ಎರಡು ಸಲ ಕೇಳಿ ಬರೆದಿದ್ದೀಯ. ಹೇಳುತ್ತೇನೆ, ತಾಳು.

ಇಲ್ಲಿ ನಮಗೆ ಹಾಡಿಸಲು ಬರುವ ಸಂಗೀತದ ಮೇಡಂಗೆ ನಾನಿಟ್ಟ ಹೆಸರು ತಾಳಮ್ಮ. ತಾಳವನ್ನೂ ಹಾಕಿಸುತ್ತಾಳೆ, ನಮ್ಮನ್ನೂ ತಾಳಿಕೊಳ್ಳುತ್ತಾಳೆ. ವಾರಕ್ಕೆ ಮೂರು ದಿನ ಊಟದ ಹಾಲ್‌ನಲ್ಲಿ ಸುತ್ತ ಕೂರಿಸುತ್ತಾಳೆ. ಹಲ್ಲಿಲ್ಲದವರ ಪಲ್ಲವಿ, ಅರ್ಧಕ್ಕರ್ಧ ಬರೀ ಗಾಳಿ. ಆದರೂ ಮಾತೇ ಬಿಟ್ಟಿರುವ ಪಕ್ಕದ ಕೋಣೆಯ ರಿಟೈರ್ಡ್ ಪೋಸ್ಟ್ ಮಾಸ್ಟರು ಹಾಡಿನ ಹೊತ್ತಿಗೆ ತೊಡೆ ತಟ್ಟುತ್ತಾರೆ. ಅದನ್ನು ನೋಡಿಯೇ ತಾಳಮ್ಮ, "ಅಜ್ಜಿಗೆ ತುಂಬ ಸ್ವಂತದ್ದು ಅನ್ನೋ ಹಾಡು ಯಾವ್ದಾದ್ರೂ ಇದ್ರೆ ತರಿಸಿ ತಾತಾ" ಅಂದಳು. ನೀನು ಪಾಪ ಅಟ್ಟವೆಲ್ಲ ಜಾಲಾಡಿ ಆ ಕ್ಯಾಸೆಟ್ ಕಳಿಸಿದೆ.

ಮೊದಲ ಬದಿಗೆ ನಿಮ್ಮಮ್ಮ ಮಿಸುಕಲಿಲ್ಲ. ಎರಡನೇ ಬದಿಯಲ್ಲಿ ಅವಳೇ ಹಾಡಿದ ಜೋಗುಳ. ನಡುವೆ ನಿನ್ನ ಅಕ್ಕ ಬಾಯಿ ಹಾಕಿ, ಸಾಲು ತಪ್ಪಿಸಿ, ಕಿಲಕಿಲ ನಗುತ್ತಾಳೆ. ಆಗ ಅವಳಿಗೆ ನಾಲ್ಕು ವರ್ಷ. ಐದಾಗಲಿಲ್ಲ. ನೀನಿನ್ನೂ ಹುಟ್ಟಿರಲಿಲ್ಲ.

ಆ ನಗು ಬಂತು ನೋಡು, ನಿಮ್ಮಮ್ಮ ತಲೆ ಎತ್ತಿದಳು. ವರ್ಷದ ಮೇಲೆ ನನ್ನ ಗುರುತು ಹಿಡಿದಳು. "ಏನ್ರೀ, ಮಗು ಎಲ್ಲಿ?" ಅಂದಳು. ನಾನು ನಿಜ ಹೇಳಿದೆ. ಅದೇ ಆಗ ಸುದ್ದಿ ಬಂದವಳ ಹಾಗೆ ಎದೆ ಬಡಿದುಕೊಂಡಳು. ತಾಳಮ್ಮ, "ಅಳ್ಲಿ ಬಿಡಿ ತಾತಾ, ಎಚ್ಚರ ಆದ್ರಲ್ಲ" ಅಂದಳು.

ಮುಂದಿನ ಸಲವೂ ಅದೇ ಹಾಡು, ಅದೇ ಪ್ರಶ್ನೆ. ನರ್ಸು ನನ್ನ ಕಿವಿಯಲ್ಲಿ, "ಏನೋ ಒಂದು ಸುಳ್ಳು ಬಿಡಿ ತಾತಾ, ನಿಮ್ಗೇನು ಹೊಸದಾ?" ಅಂದಳು. ಮಗು ಸ್ಕೂಲಿಗೆ ಹೋಗಿದೆ ಅಂದೆ.

ನನ್ನ ಆಯುಷ್ಯದ ಸುಳ್ಳುಗಳಲ್ಲೆಲ್ಲ ಕೆಟ್ಟದ್ದು ಅದು. ಯಾಕಂದರೆ ಅವಳು ನಂಬಿದಳು. ಕುರ್ಚಿ ಬಾಗಿಲ ಕಡೆ ತಿರುಗಿಸಿ ಅಂತ ಹಟ ಹಿಡಿದಳು. ಊಟ ಬೇಡವಂತೆ, "ಬರ್ಲಿ, ಒಟ್ಟಿಗೇ ತಿಂತೀವಿ." ಸಂಜೆಯಾಗುತ್ತಲೇ, "ಹೋಗಿ ಕರ್ಕೊಂಡು ಬರ್ಬಾರ್ದಾ? ಎಂಥ ಅಪ್ಪಾರೀ ನೀವು?" ಅಂದಳು. ಹೀಗೆ ಎರಡು ವಾರ.

ಆಮೇಲೊಂದು ದಿನ ಪ್ಲೇಯರು ಟೇಪನ್ನು ನುಂಗಿ ಹಾಕಿತು. ತಾಳಮ್ಮ ಬೇರೆ ಏನೇನೋ ಹಾಡು ಹಾಕಿದಳು. ನಿಮ್ಮಮ್ಮನ ರೆಪ್ಪೆ ಅಲುಗಲಿಲ್ಲ. ನಾನೇ ಜೋಗುಳ ಹಾಡಿ ನೋಡಿದೆ. ಎರಡು ಸಾಲಿನಾಚೆ ನನಗೆ ಬಾರದು. ಆಗೆಲ್ಲ ಮಗುವಿಗಿಂತ ಮೊದಲು ನಿದ್ದೆ ಹೋಗುತ್ತಿದ್ದವನು ನಾನು.

ಭಾನುವಾರ ಬಂದಾಗ ತಾಳಮ್ಮನ ಮೇಲೆ ರೇಗಬೇಡ. ಅವಳದೇನೂ ತಪ್ಪಿಲ್ಲ.

ನಿನ್ನ
ತರಲೆ ಅಪ್ಪ

ತಾ.ಕ.: ಪ್ಲೇಯರು ನುಂಗಲಿಲ್ಲ ಪುಟ್ಟಿ. ಎಲ್ಲರೂ ಮಧ್ಯಾಹ್ನ ಮಲಗಿದ್ದಾಗ ಟೇಪನ್ನು ಬೆರಳಿಗೆ ಸುತ್ತಿ ಎಳೆದು ಹರಿದವನು ನಾನು. ನಿನ್ನ ಅಕ್ಕನ ದನಿ ಬೇರೆಲ್ಲೂ ಇಲ್ಲ ಅಂತ ಗೊತ್ತಿದ್ದೇ ಹರಿದೆ. ನಿಮ್ಮಮ್ಮ ಈಗ ಮಗು ಎಲ್ಲಿ ಅಂತ ಕೇಳುವುದಿಲ್ಲ. ನಾನು ಯಾರು ಅಂತಲೂ ಕೇಳುವುದಿಲ್ಲ.