ಕಬ್ಬಿನ ಗದ್ದೆಯಾಚೆಯ ಊರುಗಳು

೧೮೯೫, ಆಗಸ್ಟ್ ೯. ತೈವಾನ್. ಬೆಳಿಗ್ಗೆ.

ಟೆಲಿಗ್ರಾಫ್ ತಂತಿ ಮತ್ತೆ ತುಂಡು. ಯುದ್ಧದಲ್ಲಿ ಸೋತ ಚೀನಾ ಈ ದ್ವೀಪವನ್ನು ನಮ್ಮ ಜಪಾನಿಗೆ ಬರೆದುಕೊಟ್ಟಿದೆ. ಇಲ್ಲಿಯ ಜನಕ್ಕೆ ಅದನ್ನು ಯಾರೂ ಹೇಳಿದಂತಿಲ್ಲ. ಜ್ವರ ಬಿಟ್ಟಿಲ್ಲ. ಕ್ವಿನೈನ್ ನುಂಗಿ, ತಂತಿ ಬಿಗಿಯುವ ಕುವಾಬಾತನನ್ನು ಕರೆದುಕೊಂಡು ಹೊರಡಬೇಕು.

ಸಂಜೆ.

ಕುವಾಬಾತ ಹೋದ.

ಕಂಬದ ತುದಿಯಿಂದ ಕೂಗಿದ್ದ: "ನಿಹೇಯಣ್ಣಾ, ಇಲ್ಲಿಂದ ನಿಮ್ಮತ್ತೆ ಮನೆ ಕಾಣಿಸ್ತಿದೆ! ಇನ್ನೂ ನಿಮ್ಮನ್ನೇ ಬೈತಾ ಇದಾರೆ!"

ನಕ್ಕೆ. ಕಬ್ಬಿನ ಗದ್ದೆಯಿಂದ ಗುಂಡು. ಅವನ ಗಂಟಲು ಹರಿದುಹೋಯಿತು. ಕಂಬಕ್ಕೆ ಬಿಗಿದಿದ್ದ ಸೊಂಟದ ಪಟ್ಟಿ ಬಿಡಲಿಲ್ಲ — ಮೇಲೆಯೇ ನೇತಾಡಿದ. ನನ್ನ ಮುಖದ ತುಂಬ ಅವನ ರಕ್ತ. ಇಳಿಸಿದ್ದು ನಾನೇ.

ಆಗಸ್ಟ್ ೧೦.

ಕಂಬದ ಪಕ್ಕದ ಊರು ಸುಡಲು ಕ್ಯಾಪ್ಟನ್ ಮಿಯಾನೊಹರನ ಅಪ್ಪಣೆ. ಸೀಮೆಎಣ್ಣೆ ಡಬ್ಬ ನಾನೇ ಹೊತ್ತೆ.

ಒಂದು ಹಂದಿಗೂಡಿನ ಬಾಗಿಲಿಗೆ ನಮ್ಮ ತಂತಿ ಸುತ್ತಿತ್ತು. ಮನೆಯವನನ್ನು ಎಳೆದು ತಂದರು. "ದಾರೀಲಿ ಬಿದ್ದಿತ್ತು, ಎತ್ಕೊಂಡೆ ಅಂತಾನೆ," ಎಂದ ದುಭಾಷಿ.

ಕ್ಯಾಪ್ಟನ್ ತನ್ನ ಕತ್ತಿಯನ್ನು ನನ್ನ ಕೈಗಿಟ್ಟ. "ಸತ್ತೋನು ನಿನ್ನ ಗೆಳೆಯ ತಾನೇ? ನೀನೇ ಮುಗಿಸು."

ಒಂದೇ ಏಟಿಗೆ ಆಗಲಿಲ್ಲ. ಅವನ ಹೆಂಡತಿ ನನ್ನ ಕಾಲು ಹಿಡಿದುಕೊಂಡಳು. ಅವಳನ್ನು ಒದ್ದೆ. ಅವನಿಗೆ ಮತ್ತೆ ಹೊಡೆದೆ... ಮನಸ್ಸು ಹಗುರಾದಂತಿತ್ತು. ಇಲ್ಲ, ಹಗುರಾಯಿತು. ಹಾಗೇ ಬರೆದಿಡುತ್ತೇನೆ.

ಆಗಸ್ಟ್ ೧೬. ಮಧ್ಯಾಹ್ನ.

ಅನ್ನ ಸೇರುತ್ತಿಲ್ಲ. ಆ ಹೆಂಗಸಿನ ಉಗುರು ಗೀರಿದ ಜಾಗ ಕೀವು ಕಟ್ಟಿದೆ.

ನಿನ್ನೆ ಇನ್ನೊಂದು ಊರಿನ ಬಳಿ ತಂತಿ ತುಂಡು. ಅಪ್ಪಣೆ ಅದೇ. ಆಗುವುದಿಲ್ಲ ಎಂದೆ.

ಕ್ಯಾಪ್ಟನ್ ಸತ್ಸುಮಾದವನು. ನಾನು ಐಜುವಿನವನು. ಇಪ್ಪತ್ತೇಳು ವರ್ಷದ ಹಿಂದಿನ ಅಂತರ್ಯುದ್ಧದಲ್ಲಿ ಚಕ್ರವರ್ತಿಯ ಪರ ನಿಂತು ಗೆದ್ದವರು ಅವರು, ಹಳೆಯ ಪ್ರಭುಗಳ ಪರ ನಿಂತು ಸೋತವರು ನಾವು.

"ಐಜು ಬುದ್ಧಿ! ಚಕ್ರವರ್ತಿಗಳ ಮೇಲೇ ಕತ್ತಿ ಎತ್ತಿದ ಕುಲ ಅಲ್ವೇನೋ ನಿಮ್ದು?"

"ಆಗ ನಮ್ಮೂರಿಗೆ ಬೆಂಕಿ ಇಟ್ಟೋರು ನಿಮ್ಮೋರೇ, ಸ್ವಾಮಿ. ನಾನಿನ್ನೂ ಮಗು. ಅಜ್ಜಿ ಮನೆಯೊಳಗೇ ಇದ್ರು."

ಕತ್ತಿಯ ಹಿಡಿಯಿಂದ ಬಾಯಿಗೇ ಹೊಡೆದ. ಮುಂದಿನ ಹಲ್ಲುಗಳು ಹೋದವು. ನನ್ನನ್ನು ಮರಕ್ಕೆ ಕಟ್ಟಿ ಉಳಿದವರನ್ನು ಕರೆದುಕೊಂಡು ಹೋದ. ಸಂಜೆಯವರೆಗೂ ಹೊಗೆ ನೋಡುತ್ತ ನಿಂತಿದ್ದೆ.

ಈಗ ಕಟ್ಟು ಬಿಚ್ಚಿದ್ದಾರೆ. ವಿಚಾರಣೆ ಆಮೇಲಂತೆ. ತಂತಿ ಸರಿಯಾಗಿದೆ, ತೈಪೆಯ ಮುಖ್ಯ ಕಚೇರಿಗೆ ವರದಿ ಹೋಗಬೇಕು. ಇಲ್ಲಿ ಸುದ್ದಿ ಕಳಿಸಲು ಬರುವುದು ನನಗೊಬ್ಬನಿಗೇ.

"ಬಂಡುಕೋರರ ಊರನ್ನ ಅಡಗಿಸಿದ್ದೇವೆ ಅಂತ ಹಾಕು," ಎಂದು ಕ್ಯಾಪ್ಟನ್ ಹೊರಗೆ ಹೋಗಿ ಸಿಗರೇಟು ಹಚ್ಚಿದ. ತಂತಿಯಂತ್ರದ ಈ ಕಟಕಟ ಅವನಿಗೆ ಅರ್ಥವಾಗದು.

ಆ ಊರಿಗೆ ಹೋಗಿಬಂದ ಸಿಪಾಯಿಯೊಬ್ಬ ಕಟ್ಟು ಬಿಚ್ಚುವಾಗ ಮೆಲ್ಲಗೆ ಹೇಳಿದ್ದ: "ಪ್ರಾಯದ ಗಂಡಸರು ಒಬ್ರೂ ಇರ್ಲಿಲ್ಲ, ಅಣ್ಣ. ಬಾಗಿಲುಗಳನ್ನ ಹೊರಗಡೆಯಿಂದ ಕಟ್ಟಿಬಿಟ್ವಿ."

ಕಳಿಸಿದೆ — ಸತ್ತವರು ಮುದುಕರು, ಹೆಂಗಸರು, ಮಕ್ಕಳು. ಬಂಡುಕೋರರಲ್ಲ. ಮೊದಲಿನ ಊರಿನಲ್ಲಿ ಕಡಿದವನು ನಾನು, ನಿಹೇ ಸೇಯಿಗೊ.

ತೈಪೆಯ ಉತ್ತರ: ಅರ್ಥವಾಗಲಿಲ್ಲ. ಸತ್ತ ಬಂಡುಕೋರರು ಎಷ್ಟು?

ಮತ್ತೆ ಕಳಿಸಿದೆ.

ಅದೇ ಪ್ರಶ್ನೆ.

ಬೂಟಿನ ಸದ್ದು. ಬಾಗಿಲಿಗೆ ಬೆಂಚು ಅಡ್ಡ ಇಟ್ಟಿದ್ದೇನೆ. ಇನ್ನೊಂದು ಸಲ, ನಿಧಾನವಾಗಿ, ಒಂದೊಂದೇ ಅಕ್ಷರ. ಮುದುಕರು. ಹೆಂಗಸ